ನೇರಳೆ ವಿಗ್ಗು, ಟೆಸ್ಟ್ ಟ್ಯೂಬು

ಈ ಮಳೆಗಾಲ ರಾತ್ರಿ ಊಟವಾದ ಮೇಲೆ ಒಂದು ದಿನ ‘ಯುಎಫ್‌ಓ’, ಮರುದಿನ ‘ಡಾಕ್ಟರ್ ಹೂ’ ಅಂತ ಸರದಿ ಹಾಕಿಕೊಂಡು ನೋಡಿದೆ. ಎರಡೂ ಬ್ರಿಟನ್ನಿನ ಹಳೆಯ ಟೀವಿ ಸರಣಿಗಳು, ನಾನು ನೋಡಿದ ಕಂತುಗಳು 1970ರ ಸುಮಾರಿಗೆ ಬಂದವು. ಕಥೆಯ ಬೀಜವೂ ಹೆಚ್ಚುಕಡಿಮೆ ಒಂದೇ: ಅನ್ಯಗ್ರಹದವರು ದಾಳಿಗೆ ಬರುತ್ತಾರೆ, ಒಂದು ಗುಪ್ತ ಪಡೆ ಊರವರಿಗೆ ಸುಳಿವು ಸಿಗದ ಹಾಗೆ ತಡೆಯುತ್ತದೆ. ಯುಎಫ್‌ಓದಲ್ಲಿ ಆ ಪಡೆ ಶ್ಯಾಡೋ, ‘ಡಾಕ್ಟರ್ ಹೂ’ದಲ್ಲಿ ಯುನಿಟ್. ‘ಡಾಕ್ಟರ್ ಹೂ’ ಸಮುದ್ರವಾದ್ದರಿಂದ ಜಾನ್ ಪರ್ಟ್ವೀ ಡಾಕ್ಟರ್ ಆಗಿ ನಟಿಸಿದ ಮೊದಲ ಸೀಸನ್ನಿನ 25 ಕಂತು ಸಾಕು ಅಂದುಕೊಂಡೆ. ಯುಎಫ್‌ಓ ಒಟ್ಟು 26.

ನೋಟಕ್ಕೆ ಯುಎಫ್‌ಓ ಮುಂದೆ ಇನ್ನೊಂದು ನಿಲ್ಲುವುದಿಲ್ಲ. ಡೆರೆಕ್ ಮೆಡಿಂಗ್ಸ್ ಮಾಡಿದ ಪುಟಾಣಿ ಮಾದರಿಗಳು, ಬ್ಯಾರಿ ಗ್ರೇ ಸಂಗೀತ, ಫಿಲ್ಮ್ ಸ್ಟುಡಿಯೋದ ಅಡಿಯಲ್ಲಿ ಅಡಗಿದ ಕಚೇರಿ. ಆದರೆ ಚಂದ್ರನ ನೆಲೆಯಲ್ಲಿ ಹೆಂಗಸರೆಲ್ಲ ಬೆಳ್ಳಿಬಣ್ಣದ ಬಟ್ಟೆ, ನೇರಳೆ ವಿಗ್ಗು. “ಅಪ್ಪಾ, ಗಂಡಸರಿಗೆ ಯಾಕೆ ವಿಗ್ ಇಲ್ಲ?” ಅಂತ ಮಗಳು ಕೇಳಿದಳು. ಉತ್ತರ ಇರಲಿಲ್ಲ. ನೆಲೆಯ ಕಮಾಂಡರ್ ಗೇ ಎಲ್ಲಿಸ್ ಹೆಂಗಸೇ, ಆಜ್ಞೆ ಕೊಡುವವಳು ಅವಳೇ. ಕ್ಯಾಮೆರಾಗೆ ಮಾತ್ರ ಅದು ಗೊತ್ತಿಲ್ಲ, ಅವಳ ಮೈಮಾಟ ಅಳೆಯುತ್ತ ಕೂರುತ್ತದೆ.

ವರ್ಣಭೇದದ ವಿಷಯ ಇನ್ನೂ ವಿಚಿತ್ರ. ‘ಸರ್ವೈವಲ್’ ಕಂತಿನಲ್ಲಿ ಕಪ್ಪು ವರ್ಣದ ಬ್ರಾಡ್ಲಿಗೆ ಚಂದ್ರನೆಲೆಯ ಹೊಣೆ ಕೊಡಲು ಶ್ಯಾಡೋ ಮುಖ್ಯಸ್ಥ ಸ್ಟ್ರೇಕರ್ ಮುಂದಾಗುತ್ತಾನೆ. ಬ್ರಾಡ್ಲಿ ಹಿಂಜರಿದರೆ, ಆ ದ್ವೇಷ ಐದು ವರ್ಷದ ಹಿಂದೆಯೇ ಸುಟ್ಟುಹೋಯಿತಲ್ಲ ಅನ್ನುತ್ತಾನೆ. ಕಥೆ ನಡೆಯುವುದು 1980ರಲ್ಲಿ, ಅಂದರೆ 1975ಕ್ಕೇ ಎಲ್ಲ ಮುಗಿದಿತ್ತಂತೆ! ನಿನಗೆ ಹೇಗೆ ಗೊತ್ತು ಅಂತ ಬ್ರಾಡ್ಲಿ ತಿರುಗಿ ಕೇಳುತ್ತಾನೆ. ಇಡೀ ಸರಣಿಯಲ್ಲಿ ನನಗೆ ಹಿಡಿಸಿದ ಮಾತು ಅದು. ಕೆಲವೇ ಕಂತುಗಳಲ್ಲಿ ಕಾಣಿಸಿಕೊಂಡು ಬ್ರಾಡ್ಲಿ ಮಾಯವಾಗುತ್ತಾನೆ.

ಯುನಿಟ್ ಕಡೆ ದುಡ್ಡಿಲ್ಲ, ರಬ್ಬರ್ ಮುಖವಾಡದ ಮೇಲೆ ಬದುಕು. ಆದರೆ ಯೋಚನೆ ಅಲ್ಲಿ ಹೆಚ್ಚು. ಶ್ಯಾಡೋಗೆ ಅನ್ಯಗ್ರಹದವರೆಂದರೆ ಹೊಡೆದುರುಳಿಸಬೇಕಾದ ಗುರಿ, ಮಾತಿಗೆ ಕೂರಿಸುವ ಪ್ರಶ್ನೆಯೇ ಇಲ್ಲ. ‘ಡಾಕ್ಟರ್ ಹೂ’ದ ಸೈಲೂರಿಯನ್ನರ ಕಥೆಯಲ್ಲಿ ಶತ್ರುಗಳು ನಮಗಿಂತ ಮೊದಲೇ ಭೂಮಿಯಲ್ಲಿದ್ದವರು. ಡಾಕ್ಟರ್ ಸಂಧಾನಕ್ಕೆ ಪರದಾಡುತ್ತಾನೆ, ಯುನಿಟ್ ಮುಖ್ಯಸ್ಥ ಬ್ರಿಗೇಡಿಯರ್ ಅವನಿಗೆ ಹೇಳದೆ ಅವರ ನೆಲೆಯನ್ನೇ ಸ್ಫೋಟಿಸಿಬಿಡುತ್ತಾನೆ. ಗುಡ್ಡದ ಆಚೆ ಎದ್ದ ಹೊಗೆ ನೋಡಿ ನಮ್ಮ ಮನೆಯಲ್ಲಿ ಯಾರೂ ಮಾತಾಡಲಿಲ್ಲ.

ಅಷ್ಟು ಮೌನ ಯುಎಫ್‌ಓದಲ್ಲಿ ಒಮ್ಮೆ ಮಾತ್ರ ಬಂತು. ಸ್ಟ್ರೇಕರನ ಮಗನಿಗೆ ಕಾರು ಬಡಿದಿರುತ್ತದೆ. ಔಷಧಿ ತರುತ್ತಿದ್ದ ವಿಮಾನ ಶ್ಯಾಡೋ ಕೆಲಸಕ್ಕೆ ಬೇರೆ ಕಡೆ ತಿರುಗುತ್ತದೆ, ಹುಡುಗ ಉಳಿಯುವುದಿಲ್ಲ. ಯಾಕೆ ತಡವಾಯಿತು ಅಂತ ವಿಚ್ಛೇದಿತ ಹೆಂಡತಿಗೆ ಹೇಳಲೂ ಆಗದು. ಸ್ಟ್ರೇಕರ್ ಆಗಿ ನಟಿಸಿದ ಎಡ್ ಬಿಷಪ್ ಮುಖದ ಆ ಬಿಗಿತ ಸಾಕು, ವಿಗ್ಗುಗಳನ್ನೆಲ್ಲ ಮನ್ನಿಸಬಹುದು.

ಹೆಂಗಸರ ಪಾತ್ರಕ್ಕೆ ಬಂದರೆ ‘ಡಾಕ್ಟರ್ ಹೂ’ ಗೆದ್ದಿತು ಅಂತ ಬರೆದುಕೊಂಡಿದ್ದೆ. ಡಾಕ್ಟರನ ಜೊತೆ ಕೆಲಸ ಮಾಡುವ ಲಿಜ್ ಶಾ ಕೇಂಬ್ರಿಜ್‌ನ ವಿಜ್ಞಾನಿ, ಫೋನ್ ನೋಡಿಕೊಂಡಿರು ಅಂದ ಬ್ರಿಗೇಡಿಯರನ ಮೇಲೆ ಸಿಡುಕುವವಳು. ಕುತೂಹಲಕ್ಕೆ 1971ರ ಮೊದಲ ಕಥೆಯನ್ನೂ ಹಾಕಿದೆ. ಲಿಜ್ ಇಲ್ಲ, ಕೇಂಬ್ರಿಜ್‌ಗೆ ಮರಳಿದಳಂತೆ. ಡಾಕ್ಟರ್‌ಗೆ ಬೇಕಿರುವುದು ಟೆಸ್ಟ್ ಟ್ಯೂಬ್ ಎತ್ತಿಕೊಟ್ಟು, ನೀನೆಷ್ಟು ಬುದ್ಧಿವಂತ ಅನ್ನುವವರು ಅಂತ ಬ್ರಿಗೇಡಿಯರ್ ಅದೇ ಲಿಜ್‌ಳ ಮಾತನ್ನು ಎತ್ತಿ ಆಡಿ, ಹೊಸ ಹುಡುಗಿ ಜೋ ಗ್ರಾಂಟ್‌ಳನ್ನು ಮುಂದೆ ನಿಲ್ಲಿಸುತ್ತಾನೆ.

“ಲಿಜ್ ಹೋಗಿದ್ದು ತೋರಿಸು” ಅಂದಳು ಮಗಳು. ಹಿಂದಿನ ಸೀಸನ್ನಿನ ಕೊನೆಯ ಕಂತಿಗೆ ಹೋಗಿ ಕೊನೆಯವರೆಗೂ ಓಡಿಸಿದೆ. ಅವರು ಅದನ್ನು ತೆಗೆದೇ ಇಲ್ಲ.