ಉಪ್ಪು ತಿಂದ ಕಾಲಂ ನೀರು ಕುಡಿಯಲೇಬೇಕು

ಮೈಸೂರಿನ ನಮ್ಮ ಲ್ಯಾಬಿನಲ್ಲಿ ಮೂರು ವರ್ಷದಿಂದ ಒಂದೇ ಸ್ಯಾಕ್ಸ್ ಕಾಲಂ ಓಡಿಸುತ್ತಿದ್ದೇನೆ. ಋಣ ಚಾರ್ಜಿನ ಅಣುಗಳನ್ನು ಹಿಡಿದಿಟ್ಟುಕೊಂಡು, ಉಪ್ಪುನೀರು ಏರಿಸಿದ ಹಾಗೆ ಒಂದೊಂದಾಗಿ ಬಿಟ್ಟುಕೊಡುವ ಕೊಳವೆ ಇದು. ಉದ್ದ, ವ್ಯಾಸ ಎಲ್ಲ ಕ್ಯಾಟಲಾಗಿನಲ್ಲಿದೆ, ನೋಡಿಕೊಳ್ಳಿ. ಅದರಲ್ಲಿ ಹೇಳದೇ ಬಿಟ್ಟಿರುವುದು ಉಪ್ಪಿನ ಕಾಟ.

ನನ್ನ ಕೆಲಸ ಹೆಪಾರಿನ್. ರಕ್ತ ಹೆಪ್ಪುಗಟ್ಟದಿರಲಿ ಅಂತ ಕೊಡುವ ಇಂಜೆಕ್ಷನ್ನಿನಲ್ಲಿರುವುದು ಇದೇ, ಹಂದಿ ಕರುಳಿನಿಂದ ತೆಗೆಯುವ ಸಕ್ಕರೆ ಸರಪಳಿ. ಒಂದು ಎಳೆ ಇದ್ದ ಹಾಗೆ ಇನ್ನೊಂದು ಇರುವುದಿಲ್ಲ. ಎಲ್ಲಿ ಎಷ್ಟು ಸಲ್ಫೇಟ್ ಅಂಟಿದೆ ಅನ್ನೋದೇ ತಲೆನೋವು. ಅದಕ್ಕೇ ಹೆಪಾರಿನೇಸ್ 1, 2, 3 ಮೂರೂ ಕಿಣ್ವ ಹಾಕಿ ಎರಡೆರಡು ಸಕ್ಕರೆಯ ತುಂಡು ಮಾಡಿ ಕಾಲಂಗೆ ಬಿಡುತ್ತೇನೆ. ಕಿಣ್ವ ಕತ್ತರಿಸಿದ ಕಡೆ ಒಂದು ಡಬಲ್ ಬಾಂಡ್ ಹುಟ್ಟುತ್ತದೆ. 232 ನ್ಯಾನೊಮೀಟರಿನ ಯುವಿ ಬೆಳಕಿನಲ್ಲಿ ಅದು ಕಾಣಿಸುತ್ತದೆ. ಬಣ್ಣ ಗಿಣ್ಣ ಹಾಕುವ ರಗಳೆ ಇಲ್ಲ.

ಸಲ್ಫೇಟಿನದು ಋಣ ಚಾರ್ಜ್, ಅದು ಹೆಚ್ಚಿದಷ್ಟೂ ಕಾಲಂ ಬಿಗಿಯಾಗಿ ಹಿಡಿಯುತ್ತದೆ. ಹಾಗಾಗಿ ಸಲ್ಫೇಟ್ ಇಲ್ಲದ ತುಂಡು ಮೊದಲು ಬರುತ್ತದೆ, ಮೂರು ಸಲ್ಫೇಟಿನದು ಕೊನೆಗೆ. ಹೆಪಾರಿನ್ನಿನಲ್ಲಿ ಈ ಕೊನೆಯದೇ ಜಾಸ್ತಿ. ದಸರೆಯಲ್ಲಿ ಸ್ತಬ್ಧಚಿತ್ರ, ಬ್ಯಾಂಡು ಎಲ್ಲ ಸಾಗಿದ ಮೇಲೆ ಅಂಬಾರಿ ಆನೆ ಬರುತ್ತದಲ್ಲ, ಹಾಗೆ. ಇವತ್ತಿಗೂ ಪರದೆಯ ಗ್ರಾಫಿನಲ್ಲಿ ಆ ತುಂಡಿನ ಪೀಕ್ ಏಳುವಾಗ ನಾನು ಕುರ್ಚಿ ಬಿಟ್ಟು ಎದ್ದು ನೋಡುತ್ತೇನೆ.

ಅದನ್ನು ಹೊರಡಿಸೋಕೆ ಉಪ್ಪುನೀರು 2 ಮೋಲಾರ್‌ವರೆಗೆ ಏರಿಸಬೇಕು. ಲೀಟರಿಗೆ ಸುಮಾರು 117 ಗ್ರಾಂ! ಬೆಳಿಗ್ಗೆ ಅದನ್ನು 0.22 ಮೈಕ್ರಾನ್ ಪೊರೆಯಲ್ಲಿ ಸೋಸಲು ಇಟ್ಟು ಕಾಫಿ ಬಗ್ಗಿಸಿಕೊಳ್ಳುತ್ತೇನೆ. ಲೋಟ ಖಾಲಿಯಾಗುವಷ್ಟರಲ್ಲಿ ಬಾಟಲಿ ತುಂಬಿರುತ್ತದೆ. ಸಂಜೆ ಐದಕ್ಕೆ ಒಂದು ಗಂಟೆ ಬರೀ ನೀರು. ಅಷ್ಟರಲ್ಲಿ ಒದ್ದೆ ಟಿಶ್ಯೂ ಹಿಡಿದು ಒಂದೊಂದೇ ನಟ್ಟಿನ ಸುತ್ತ ಕಟ್ಟಿದ ಬಿಳಿ ಪುಡಿ ಒರೆಸುತ್ತೇನೆ. ಮೆಥನಾಲ್ ಆಮೇಲೆ. ಅವಸರಪಟ್ಟರೆ, ಮೆಥನಾಲಿನಲ್ಲಿ ಸರಿಯಾಗಿ ಕರಗದ ಉಪ್ಪು ಒಳಗೇ ಗಟ್ಟಿಯಾಗುತ್ತದೆ.

ಹೋದ ಮೇನಲ್ಲಿ ಒಂದು ಮಧ್ಯಾಹ್ನ ಊಟಕ್ಕೆ ಹೋಗಿದ್ದೆ. ಕರೆಂಟ್ ಹೋಯಿತು, ಯುಪಿಎಸ್ ಕೂಗಿ ಕೂಗಿ ಸುಮ್ಮನಾಯಿತು. ಸಂಜೆ ಕರೆಂಟ್ ಬಂದಾಗ ಪ್ರೆಶರ್ ದುಪ್ಪಟ್ಟು. ಸರ್ವೀಸಿನವರು ಬಂದು, "ನೀರು ಬಿಡಲಿಲ್ವಾ ಮೇಡಂ?" ಅಂದರು. "ಕರೆಂಟೇ ಇರಲಿಲ್ಲ ಸಾರ್, ಪಂಪ್ ಹೇಗೆ ಓಡಬೇಕು?" ಪಂಪಿನ ಸೀಲ್ ಹೋಗಿತ್ತು. ಕಾಲಂ ಎರಡು ದಿನ ನೀರು ಕುಡಿದು ಚೇತರಿಸಿಕೊಂಡಿತು, ಆದರೆ ಮೊದಲಿನ ಹಾಗಿಲ್ಲ. ಮೊದಲ ಎರಡು ಪೀಕ್ ಈಗ ಹೆಗಲಿಗೆ ಹೆಗಲು ಕೊಟ್ಟುಕೊಂಡೇ ಬರುತ್ತವೆ.

ಇನ್ನೊಂದು ಮಾತು. ಕಲಬೆರಕೆ ಹಿಡಿಯೋಕೆ ಅಂತ ಈ ತುಂಡು ಮಾಡುವ ದಾರಿ ಹಿಡಿಯಬೇಡಿ. 2008ರಲ್ಲಿ ಹೆಪಾರಿನ್ನಿಗೆ ಬೆರೆಸಿದ್ದು ಪತ್ತೆಯಾದ ಓವರ್‌ಸಲ್ಫೇಟೆಡ್ ಕಾಂಡ್ರಾಯ್ಟಿನ್ ಅನ್ನು, ಅಂದರೆ ಸಲ್ಫೇಟ್ ಅತಿಯಾಗಿ ಅಂಟಿಸಿದ ಬೇರೊಂದು ಸಕ್ಕರೆ ಸರಪಳಿಯನ್ನು, ಹೆಪಾರಿನೇಸ್ ಕತ್ತರಿಸುವುದೇ ಇಲ್ಲ. ತುಂಡೇ ಆಗದಿದ್ದರೆ ಪೀಕ್ ಎಲ್ಲಿಂದ ಬರಬೇಕು? ಅದನ್ನು ಎನ್‌ಎಂಆರ್‌ನಲ್ಲಿ, ಅಂದರೆ ಕಾಂತಕ್ಷೇತ್ರದಲ್ಲಿಟ್ಟು ಅಣುವಿನ ರಚನೆ ನೋಡುವ ಯಂತ್ರದಲ್ಲಿ, ಹಿಡಿಯಬಹುದು. ಅಲ್ಲಿ ಹೆಪಾರಿನ್ನಿನ ಅಸೆಟೈಲ್ ಗುಂಪಿನ ಗುರುತು 2.04 ಪಿಪಿಎಂನಲ್ಲಿ ಕಂಡರೆ ಕಲಬೆರಕೆಯದು 2.16ರ ಹತ್ತಿರ.

ಹೊಸ ಕಾಲಂಗೆ ಇಂಡೆಂಟ್ ಹಾಕಿದ್ದೇನೆ. ಇದೇ ಮಾಡೆಲ್, ಜೊತೆಗೆ ಅದರ ಮುಂದೆ ಕಾವಲಿಗೆ ಕೂರಿಸುವ ಪುಟ್ಟ ಗಾರ್ಡ್ ಕಾಲಂ ಎರಡು. ಯುಪಿಎಸ್ ಬ್ಯಾಟರಿಗೆ ಮಾತ್ರ ಗ್ರಾಂಟಿನಲ್ಲಿ ದುಡ್ಡು ಉಳಿಯಲಿಲ್ಲ. ಊಟದ ಡಬ್ಬಿ ಈಗ ಲ್ಯಾಬಿನ ಬಾಗಿಲ ಹತ್ತಿರವೇ ಬಿಚ್ಚುತ್ತೇನೆ.