ಒಂದೇ ಪಿಎಚ್‌ಡಿ, ಎರಡು ದಾರಿ: ಕಂಪನಿ ಸಂಬಳ ಮತ್ತು ಫೆಲೋಶಿಪ್

ಮೋಟಾರಿನ ತಿರುಗುವ ದಂಡವನ್ನು ಹೊತ್ತಿರುವ ಬೇರಿಂಗ್ ಕೆಡುವುದನ್ನು ಅದರ ಕಂಪನ ನೋಡಿ ಮೊದಲೇ ಹೇಳುವುದು ಹೇಗೆ? ಇದು ನನ್ನ ಪಿಎಚ್‌ಡಿ ವಿಷಯ. ಮೊದಲ ಎರಡೂವರೆ ವರ್ಷ ಕಂಪನಿಯ ಕೆಲಸದಲ್ಲಿದ್ದುಕೊಂಡೇ ಓದಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇಂಥ ಸೇರ್ಪಡೆಗೆ ಇಆರ್‌ಪಿ (ಎಕ್ಸ್‌ಟರ್ನಲ್ ರಿಜಿಸ್ಟ್ರೇಷನ್ ಪ್ರೋಗ್ರಾಂ) ಅನ್ನುತ್ತಾರೆ. ಬೇರೆ ಕಡೆ ಬೇರೆ ಹೆಸರು. ಆಮೇಲೆ ಕಂಪನಿ ನಮ್ಮ ವಿಭಾಗವನ್ನೇ ಮುಚ್ಚಿತು. ಅದೇ ಗೈಡ್ ಹತ್ತಿರ ಫೆಲೋಶಿಪ್ ಪಡೆದು ಪೂರ್ಣಾವಧಿಗೆ ಸೇರಿದೆ.

ಎಲ್ಲರೂ ಮೊದಲು ಕೇಳುವುದು ದುಡ್ಡು. 2023ರ ಜನವರಿಯಿಂದ ಜೆಆರ್‌ಎಫ್ (ಕಿರಿಯ ಸಂಶೋಧಕರ ಫೆಲೋಶಿಪ್) ತಿಂಗಳಿಗೆ 37,000 ರೂಪಾಯಿ, ಎಸ್‌ಆರ್‌ಎಫ್ (ಹಿರಿಯ ಸಂಶೋಧಕರದು) 42,000. ಜೊತೆಗೆ ಮನೆ ಬಾಡಿಗೆ ಭತ್ಯೆ. ನನ್ನ ಹಳೆಯ ಸಂಬಳದ ಅರ್ಧವೂ ಅಲ್ಲ. ಹೆಂಡತಿಯ ದುಡಿಮೆ ಇಲ್ಲದಿದ್ದರೆ ಬೆಂಗಳೂರಲ್ಲಿ ಮನೆ ನಡೆಯುತ್ತಿರಲಿಲ್ಲ. ಇದರಲ್ಲಿ ಕಂಪನಿ ದಾರಿಯೇ ಮೇಲು.

ಆದರೆ ನಿಜವಾದ ವ್ಯತ್ಯಾಸ ಇರುವುದು ಡೇಟಾದಲ್ಲಿ. ನಮ್ಮ ಕ್ಷೇತ್ರದಲ್ಲಿ ಹೆಚ್ಚಿನವರು ಬಳಸುವುದು ಅಮೆರಿಕದ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದ ಡೇಟಾ. 2 ಎಚ್‌ಪಿ ಮೋಟಾರು, ಅದರ ಬೇರಿಂಗಿನಲ್ಲಿ ವಿದ್ಯುತ್ ಕಿಡಿಯಿಂದ ಬೇಕೆಂದೇ ಕೊರೆದ ಗುಳಿ, ಚಿಕ್ಕದರ ವ್ಯಾಸ 0.007 ಇಂಚು. ಸಿಗ್ನಲ್ ಕನ್ನಡಿಯಷ್ಟು ಸ್ವಚ್ಛ. ಕಾರ್ಖಾನೆ ಹಾಗಿರುವುದಿಲ್ಲ. ಪಕ್ಕದ ಪಂಪಿನ ನಡುಕ ಬೆರೆತಿರುತ್ತದೆ. ಗ್ರೀಸ್ ಹಾಕಿದ ಮರುದಿನ ಎಲ್ಲ ಬದಲಾಗಿರುತ್ತದೆ. ಒಮ್ಮೆ ಮೇಂಟೆನೆನ್ಸ್‌ನ ಹಿರಿಯರೊಬ್ಬರು ಸ್ಕ್ರೂಡ್ರೈವರ್ ತುದಿಯನ್ನು ಮೋಟಾರಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟುಕೊಂಡು, "ಇದು ಹತ್ತು ದಿನ ಬರಲ್ಲ ಸಾರ್" ಅಂದರು. ನನ್ನ ಪ್ರೋಗ್ರಾಂ ಸರಿಯಿದೆ ಅಂದಿತ್ತು. ಎಂಟನೇ ದಿನ ಬಿಚ್ಚಿದರೆ ಬೇರಿಂಗಿನ ಹೊರ ರಿಂಗ್ ಕಿತ್ತುಹೋಗಿತ್ತು. ಆ ದಿನ ಕಲಿತದ್ದು ಯಾವ ಲ್ಯಾಬಿನಲ್ಲೂ ಸಿಗುತ್ತಿರಲಿಲ್ಲ.

ಆದರೆ ಅದನ್ನು ಬರೆಯಲು ಕಂಪನಿ ಬಿಡಬೇಕಲ್ವಾ? ಪೇಟೆಂಟ್ ಅರ್ಜಿಗೆ ಮೊದಲೇ ಪೇಪರ್ ಹೊರಬಂದರೆ ಹೊಸತನವೇ ಹೋಗಬಹುದು. ಅದು ಒಪ್ಪುವ ಮಾತು. ತಾತ್ಕಾಲಿಕ ಅರ್ಜಿ ಹಾಕಿದರೆ ಪೂರ್ಣ ಅರ್ಜಿಗೆ 12 ತಿಂಗಳು ಸಿಗುತ್ತದೆ, ಪೇಪರ್ ಕಳಿಸಬಹುದು. ನನ್ನ ವಿಷಯದಲ್ಲಿ ಆ ತಾತ್ಕಾಲಿಕ ಅರ್ಜಿಯನ್ನೇ ಯಾರೂ ಹಾಕಲಿಲ್ಲ. ಪೇಪರ್ ಹನ್ನೊಂದು ತಿಂಗಳು ಒಪ್ಪಿಗೆಗೆ ಕಾದಿತ್ತು. ಕಂಪನಿ ಬಿಟ್ಟಾಗ ಡೇಟಾ ಅಲ್ಲೇ ಉಳಿಯಿತು. ಎರಡು ಅಧ್ಯಾಯ ಮತ್ತೆ ಮೊದಲಿನಿಂದ ಮಾಡಿದೆ. ಅದರ ನೋವು ಇನ್ನೂ ಇದೆ.

ಫೆಲೋಶಿಪ್‌ನಲ್ಲಿ ಈ ಕಟ್ಟು ಇಲ್ಲ. ಬೆಳಗಿನ ಹೊತ್ತು ಪೂರ್ತಿ ನಿಮ್ಮದು. ಸಂಜೆ ಆರಕ್ಕೆ ಮೀಟಿಂಗ್ ಮುಗಿಸಿ ಪುಸ್ತಕ ತೆಗೆಯುವ ಸುಸ್ತು ಇಲ್ಲ. ಪರೀಕ್ಷೆಗೆ ಸ್ವಂತ ರಿಗ್ ಕಟ್ಟಿದೆ, ಹೆಚ್ಚು ಭಾರ ಹೇರಿ ಬೇರಿಂಗ್‌ಗಳನ್ನು ಸಾಯುವವರೆಗೂ ಓಡಿಸಿದೆ. ನಿಧಾನದ ಕೆಲಸ. ಆದರೆ ಪ್ರತಿ ಅಂಕಿಯೂ ನನ್ನ ಕೈಲಿತ್ತು. ಕೊರತೆ ಒಂದೇ: ನಿಮ್ಮ ಉತ್ತರಕ್ಕೆ ಯಾರೂ ಕಾಯುತ್ತಿರುವುದಿಲ್ಲ.

ಮತ್ತೆ ಆರಿಸಿಕೊಳ್ಳುವಂತಿದ್ದರೆ ಕಂಪನಿ ದಾರಿಯನ್ನೇ ಹಿಡಿಯುತ್ತೇನೆ. ಆದರೆ ಸೇರುವ ಮೊದಲೇ ಮೂರು ಮಾತು ಒಪ್ಪಂದದಲ್ಲಿ ಬರಬೇಕು. ಗ್ರಾಹಕರ ಹೆಸರು ತೆಗೆದ ಡೇಟಾವನ್ನು ಪ್ರಬಂಧದಲ್ಲಿ ಬಳಸಬಹುದೇ? ಪೇಪರ್‌ಗೆ ಎಷ್ಟು ದಿನದೊಳಗೆ ಒಪ್ಪಿಗೆ ಕೊಡುತ್ತಾರೆ? ಕೆಲಸ ಬಿಟ್ಟರೆ, ಅಥವಾ ಅವರೇ ಬಿಡಿಸಿದರೆ, ಆವರೆಗಿನ ಕೆಲಸ ಯಾರದು? ಎಚ್‌ಆರ್ "ಅದೆಲ್ಲ ಆಮೇಲೆ ನೋಡೋಣ" ಅಂದರೆ ಸಹಿ ಹಾಕಬೇಡಿ.