ಚಾರಣದ ವನ್ಯಜೀವಿ ಛಾಯಾಗ್ರಹಣಕ್ಕೆ ಯಾವ ಮೋನೋಪಾಡ್, ಯಾವ ಹೆಡ್?

ಕುದುರೆಮುಖದ ಕಾಡುಹಾದಿಯಲ್ಲಿ ಸುಮಾರು 2 ಕಿಲೋ ತೂಗುವ 150–600 ಮಿ.ಮೀ. ಲೆನ್ಸ್ ಹೊತ್ತು ನಡೆಯುವವರಿಗೆ ಮೊದಲ ಪ್ರಶ್ನೆ ತೂಕದ್ದೇ. ಆ ಭಾರಕ್ಕೆ ಆಸರೆಯಾಗುವ ಒಂಟಿ ಕಾಲಿನ ಕೋಲೇ ಮೋನೋಪಾಡ್. ಕಾರ್ಬನ್ ಫೈಬರ್ ಮೋನೋಪಾಡ್ ಹಗುರ, ಆದರೆ ದುಬಾರಿ, ಬಂಡೆಗೆ ಬಲವಾಗಿ ಬಡಿದರೆ ಬಿರುಕು ಬಿಡಬಹುದು. ಅಲ್ಯೂಮಿನಿಯಂ ಕಡಿಮೆ ಬೆಲೆಯದು, ಪೆಟ್ಟು ಬಿದ್ದರೆ ಸಾಮಾನ್ಯವಾಗಿ ನೆಗ್ಗುತ್ತದೆಯಷ್ಟೆ.

ಹೆಡ್‌ನ ಆಯ್ಕೆ ಇದಕ್ಕಿಂತ ಮುಖ್ಯವೆಂಬುದು ನನ್ನ ಅಭಿಪ್ರಾಯ; ಹೆಡ್ ಎಂದರೆ ಮೋನೋಪಾಡಿನ ತುದಿಯಲ್ಲಿ ಲೆನ್ಸನ್ನೋ ಕ್ಯಾಮೆರಾವನ್ನೋ ಹಿಡಿದು ತಿರುಗಿಸುವ ಭಾಗ. ಮರದ ತುದಿಯಲ್ಲಿ ಹಣ್ಣು ಬಿಡಿಸುತ್ತಿರುವ ಸಿಂಗಳೀಕದತ್ತ ಲೆನ್ಸ್ ಎತ್ತಲು, ಗುಂಡಿನ ಮೇಲೆ ಎಲ್ಲ ದಿಕ್ಕಿಗೂ ತಿರುಗುವ ಬಾಲ್ ಹೆಡ್ ಸಡಿಲಿಸಿದೊಡನೆ ಭಾರವೆಲ್ಲ ಪಕ್ಕಕ್ಕೆ ವಾಲುತ್ತದೆ. ಟಿಲ್ಟ್ ಹೆಡ್ ಮುಂದಕ್ಕೆ, ಹಿಂದಕ್ಕೆ ಮಾತ್ರ ಬಾಗುವುದರಿಂದ, ಕಾಲರ್ (ಲೆನ್ಸನ್ನು ಹೆಡ್ಡಿಗೆ ಕೂರಿಸುವ, ಅಡ್ಡ-ಉದ್ದಕ್ಕೆ ತಿರುಗಿಸಲು ಬಿಡುವ ಬಳೆ) ಇರುವ ಉದ್ದ ಲೆನ್ಸಿಗೆ ಅದೇ ಸಾಕು. ಒಂದೇ ಕಡೆ ಕಾದು ನಿಂತು, ಹಾರುವ ಮಂಗಟ್ಟೆಯನ್ನು ಹಿಂಬಾಲಿಸುವವರಿಗೆ ಲೆನ್ಸಿನ ಭಾರವನ್ನು ಸಮತೋಲನದಲ್ಲಿ ಹಿಡಿದು ಸರಾಗವಾಗಿ ತಿರುಗುವ ಗಿಂಬಲ್ ಹೆಡ್ ಸಲೀಸು, ಆದರೆ ದಿನವಿಡೀ ಬೆಟ್ಟ ಏರುವವರ ಹೆಗಲಿಗೆ ಅದು ಹೊರೆ. ಚಿಕ್ಕ ಲೆನ್ಸಿನಲ್ಲಿ ನಿಸರ್ಗದೃಶ್ಯಗಳನ್ನೂ ತೆಗೆಯುವವರಿಗೆ ಬಾಲ್ ಹೆಡ್ ಒಪ್ಪುತ್ತದೆ.